ಸಮುದ್ರ ತೋರಿಸುವ ಸಮಿತಿ

ಮೂವರು ಕನ್ನಡಿಗರು ಸೇರಿದರೆ ನಾಲ್ಕು ಸಂಘ ಹುಟ್ಟುತ್ತವೆ ಎಂದು ಗಲ್ಫಿನಲ್ಲಿ ನಮ್ಮವರೇ ನಮ್ಮನ್ನು ಗೇಲಿ ಮಾಡಿಕೊಳ್ಳುವುದುಂಟು. ನಾನೂ ಆ ಮಾತಿಗೆ ನಕ್ಕವನೇ. ಆದರೆ ದೋಹಾದಲ್ಲಿ ನನ್ನ ಹೆಂಡತಿ ಒಂದು ಸಂಜೆ ಸುಮ್ಮನೆ "ಸಮುದ್ರ ನೋಡ್ಬೇಕಿತ್ತು" ಎಂದದ್ದೇ ತಡ, ಮುಂದಿನ ಶುಕ್ರವಾರದ ಹೊತ್ತಿಗೆ ಅದಕ್ಕೊಂದು ಸಮಿತಿಯಾಗಿ, ಸಮಿತಿಗೊಬ್ಬ ಅಧ್ಯಕ್ಷರಾಗಿ, ನಾನು ಅದರ ಕಾರ್ಯದರ್ಶಿಯಾಗಿ ಕೂತಿದ್ದೆ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ನನ್ನ ಹುದ್ದೆಗೆ ಫ್ಯಾಮಿಲಿ ವೀಸಾ ಇರಲಿಲ್ಲ. ಆ ಚಳಿಗಾಲದಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ವಿಸಿಟ್ ವೀಸಾದ ಮೇಲೆ ಮೂರು ತಿಂಗಳಿಗೆಂದು ಬಂದಿದ್ದರು. ಊರಿಗೆ ಹೋಗಿದ್ದ ಸಹೋದ್ಯೋಗಿಯೊಬ್ಬರು ಅಲ್ ಮುಂತಜಾದ ತಮ್ಮ ಫ್ಲ್ಯಾಟಿನ ಕೀಲಿಕೈ ಕೊಟ್ಟು ಪುಣ್ಯ ಕಟ್ಟಿಕೊಂಡಿದ್ದರು. ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಏಸಿಗಳ ಬೆನ್ನುಗಳು ಕಾಣುತ್ತಿದ್ದವು. ಕೆಳಗೊಂದು ಲಾಂಡ್ರಿ, ಪಕ್ಕದಲ್ಲಿ ಮಲಯಾಳಿಯ ಗ್ರೋಸರಿ. ನನ್ನ ಹೆಂಡತಿಗೆ ಮೂರು ತಿಂಗಳ ಕತಾರ್ ಎಂದರೆ ಹೆಚ್ಚುಕಡಿಮೆ ಇಷ್ಟೇ.

ಅವಳು ಉಡುಪಿಯ ದಕ್ಷಿಣದ ಕಡಲ ಬದಿಯವಳು. ತವರಿನ ಹಿತ್ತಿಲ ಬಾಗಿಲಿನಿಂದ ನೀರಿಗೆ ನಲವತ್ತು ಹೆಜ್ಜೆ. ಬಂದ ವಾರವೇ ಅವಳನ್ನು ಬಹಳ ಹೆಮ್ಮೆಯಿಂದ ಕಡಲಂಚಿನ ನಡಿಗೆದಾರಿ ಕಾರ್ನಿಷಿಗೆ ಕರೆದುಕೊಂಡು ಹೋದೆ. ಹುಲ್ಲುಹಾಸು, ದೀಪದ ಕಂಬಗಳ ಸಾಲು, ಕೊಲ್ಲಿಯ ಆಚೆ ಏಳುತ್ತಿದ್ದ ಕಟ್ಟಡಗಳು. ಅವಳು ಕಟ್ಟೆಯ ಮೇಲಿಂದ ಬಗ್ಗಿ ನೀರನ್ನು ನೋಡಿದಳು. ನಮ್ಮ ಮನೆಮಾತು ತುಳು. ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನ ಖಾರ ಅರ್ಧ ಇಳಿದುಬಿಡುತ್ತದೆ, ಆದರೂ ಬರೆಯುತ್ತೇನೆ.

"ಇದು ಸಮುದ್ರವಾ? ಕೆರೆಗೆ ಕಟ್ಟಿದ ಹಾಗೆ ಕಟ್ಟೆ ಕಟ್ಟಿ ಇಟ್ಟಿದ್ದಾರಲ್ಲ. ಕಾಲು ಹಾಕ್ಲಿಕ್ಕೆ ಸಹ ಜಾಗ ಇಲ್ಲ. ಮೂರು ಸುತ್ತೂ ನೀರಿರುವ ದೇಶ ಅಂತ ಹೇಳಿದ್ರಿ. ಕಾಲು ಮುಳುಗುವ ಸಮುದ್ರ ಒಂದೂ ಇಲ್ವಾ?"

"ಉಂಟು. ಊರಿಗೆ ಹೋಗುವ ಮೊದ್ಲು ತೋರಿಸ್ತೇನೆ. ಅದೆಂತ ದೊಡ್ಡ ವಿಷಯ?" ಎಂದೆ.

ನಿಜಕ್ಕೂ ಅದು ದೊಡ್ಡ ವಿಷಯವಾಗಿರಲಿಲ್ಲ. ಮರುದಿನ ಒಂದು ಟ್ಯಾಕ್ಸಿ ಹಿಡಿದು ವಕ್ರಾಕ್ಕೆ ಹೋಗಿದ್ದರೆ ಅರ್ಧ ಗಂಟೆಯಲ್ಲಿ ಅವಳ ಕಾಲು ನೀರಿನಲ್ಲಿರುತ್ತಿತ್ತು. ನಾನು ಟ್ಯಾಕ್ಸಿಯವನಿಗೆ ಫೋನು ಮಾಡುವ ಬದಲು ಪೊರ್ಬುಗಳಿಗೆ ಫೋನು ಮಾಡಿದೆ.

ಮಂಗಳೂರಿನ ಕಡೆಯ ಈ ಹಿರಿಯ ಕ್ರೈಸ್ತರನ್ನು ಊರಿನ ರೂಢಿಯಂತೆ ನಾವು ಪೊರ್ಬುಗಳು ಎಂದೇ ಕರೆಯುತ್ತಿದ್ದೆವು. ಅಲ್ ಹಿಲಾಲಿನಲ್ಲಿ ಮನೆ. ಒಂದು ಕಂಪನಿಯ ಆಫೀಸು ಮ್ಯಾನೇಜರು. ಕತಾರಿನಲ್ಲಿ ಇಪ್ಪತ್ತಾರು ವರ್ಷ ಕಳೆದವರು, ಅವರಿಗೆ ಗೊತ್ತಿಲ್ಲದ್ದು ಅಲ್ಲಿ ಏನೂ ಇಲ್ಲ ಎಂದು ಅವರೇ ಹೇಳುತ್ತಿದ್ದರು. ಅವರ ಬಳಿ ಒಂದು ಹಳೆಯ ಫೋರ್ ವೀಲ್ ಗಾಡಿಯಿತ್ತು. ಮರುಭೂಮಿಗೆಂದೇ ಹುಟ್ಟಿದ ಆ ಗಾಡಿಯನ್ನು ಅವರು ಶುಕ್ರವಾರದ ಚರ್ಚಿನ ಪೂಜೆಗೂ ತರಕಾರಿ ಮಾರ್ಕೆಟ್ಟಿಗೂ ಮಾತ್ರ ಬಿಡುತ್ತಿದ್ದರು. ಅದು ಟಾರು ಬಿಟ್ಟು ಇಳಿದದ್ದನ್ನು ಕಂಡವರಿಲ್ಲ.

"ವಕ್ರಾವಾ? ಎಂತ ಮಾರಾಯ್ರೆ, ಅಲ್ಲಿಗೆ ಎಲ್ರೂ ಹೋಗ್ತಾರೆ," ಎಂದರು ಪೊರ್ಬುಗಳು. "ನಾವು ಹೋಗುವುದಾದ್ರೆ ಯಾರೂ ಹೋಗದ ಕಡೆ ಹೋಗ್ಬೇಕು. ಉತ್ತರದ ತುದಿಯಲ್ಲಿ ರುವೈಸ್ ಉಂಟಲ್ಲ, ಅಲ್ಲಿಂದ ಜುಬಾರದ ಕೋಟೆಯವರೆಗೆ ಕಡಲ ಬದಿಯಲ್ಲೇ ಮಣ್ಣಿನ ದಾರಿ. ಮೀನುಗಾರರು ಬಿಟ್ಟು ಹೋದ ಊರುಗಳುಂಟು. ಒಂದು ನರಪಿಳ್ಳೆ ಇಲ್ಲ. ಆದ್ರೆ ಸುಮ್ಮನೆ ಹೋಗುವ ಜಾಗ ಅಲ್ಲ ಅದು. ಪ್ಲಾನಿಂಗ್ ಬೇಕು. ಶುಕ್ರವಾರ ಊಟ ಆದ ಮೇಲೆ ಬರ್ತೇನೆ, ಕೂತು ಮಾತಾಡುವ."

ಮೂರನೆಯವರು ವಿಜಾಪುರದ ಗೆಳೆಯರು. ಗ್ಯಾಸ್ ಪ್ಲಾಂಟಿನಲ್ಲಿ ಪೈಪ್ ಕೆಲಸದ ಫೋರ್‌ಮನ್. ಮುಐದರಿನ ಒಂದು ವಿಲ್ಲಾದಲ್ಲಿ ಹನ್ನೊಂದು ಜನರ ಜೊತೆ ವಾಸ. ಶುಕ್ರವಾರ ನಮ್ಮ ಮನೆಗೆ ಬರುವಾಗ ಶೇಂಗಾ ಚಟ್ನಿಯ ಡಬ್ಬಿ ಹಿಡಿದೇ ಬರುತ್ತಿದ್ದರು. ಮೀನು ಮುಟ್ಟುವವರಲ್ಲ. ಜೀವನದಲ್ಲಿ ಮೊದಲ ಸಲ ಸಮುದ್ರ ಕಂಡದ್ದು ಗಲ್ಫಿಗೆ ಬರುವ ವಿಮಾನದ ಕಿಟಕಿಯಿಂದ. ಹಾಗಾಗಿ ಕಡಲಿನ ವಿಷಯದಲ್ಲಿ ಇವರ ಅಭಿಪ್ರಾಯ ಕೇಳುವ ಅಗತ್ಯವಿಲ್ಲ ಎಂದು ನಾನೂ ಪೊರ್ಬುಗಳೂ ಮಾತಿಲ್ಲದೆ ಒಪ್ಪಿಕೊಂಡಿದ್ದೆವು.

ಮೊದಲ ಸಭೆಯಲ್ಲಿ ಪದಾಧಿಕಾರಿಗಳ ಆಯ್ಕೆ ನಡೆಯಿತು. ಗಾಡಿ ಇದ್ದವರು ಅಧ್ಯಕ್ಷರು. ಬರೆಯಲು ಬರುವವನು ನಾನು, ಕಾರ್ಯದರ್ಶಿ.

"ನಾನೇನ್ರಿ ಹಂಗಾದ್ರ?" ವಿಜಾಪುರದವರು ಕೇಳಿದರು.

"ನೀವು ಸದಸ್ಯರು," ಎಂದರು ಅಧ್ಯಕ್ಷರು.

"ಒಬ್ಬನ ಸದಸ್ಯನಾ?"

"ಸದಸ್ಯರಿಲ್ಲದೆ ಸಮಿತಿ ಇರ್ತದಾ ಮಾರಾಯ್ರೆ?"

"ಆತ್ರಿ ಬಿಡ್ರಿ. ವಿರೋಧ ಪಕ್ಷನೂ ನಾನ ಆಗ್ತೀನಿ," ಎಂದು ಅವರು ಕಾಲು ಚಾಚಿ ಕೂತರು.

ನಾನು ಕೆಳಗಿನ ಗ್ರೋಸರಿಯಿಂದ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ತಂದು ನಡಾವಳಿ ಬರೆಯತೊಡಗಿದೆ. ಸಭೆಯ ಸ್ಥಳ, ಹಾಜರಿದ್ದವರು, ಗೈರು, ನಿರ್ಣಯ, ಕೊನೆಯಲ್ಲಿ ಕಾರ್ಯದರ್ಶಿಯ ಸಹಿ. ಈ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಮುಂದೆ ಹೇಳುವುದಕ್ಕೆಲ್ಲ ಅದೇ ಆಧಾರ.

ಇಲ್ಲಿ ನನ್ನ ಕೆಲಸದ ಬಗ್ಗೆಯೂ ಹೇಳಬೇಕು. ನಾನು ಒಂದು ಕಟ್ಟಡದ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಎಂಜಿನಿಯರುಗಳು ನಕ್ಷೆ ಬದಲಿಸಿದಾಗ ಹೊಸದಕ್ಕೆ ರಿವಿಷನ್ ಎ, ಬಿ, ಸಿ ಎಂದು ಗುರುತು ಹಾಕಿ ಎಲ್ಲರಿಗೂ ಹಂಚುವುದು, ಹಳೆಯದನ್ನು ಎಲ್ಲರಿಂದ ಹಿಂದಕ್ಕೆ ಪಡೆದು ರದ್ದು ಎಂಬ ಮುದ್ರೆ ಒತ್ತುವುದು, ಇಷ್ಟೇ ನನ್ನ ಕೆಲಸ. ಹಳೆಯ ಕಾಗದ ಯಾರ ಕೈಯಲ್ಲಾದರೂ ಉಳಿದರೆ ಇರಬಾರದ ಕಡೆ ಗೋಡೆ ಏಳುತ್ತದೆ. ಇದನ್ನು ನಾನು ಹೊಸಬರಿಗೆ ಬೆರಳೆತ್ತಿ ಪಾಠ ಹೇಳುತ್ತಿದ್ದೆ. ಪ್ರವಾಸದ ಯೋಜನೆಗೂ ಅದೇ ಕ್ರಮ ಅನುಸರಿಸುವುದಾಗಿ ಮೊದಲ ಸಭೆಯಲ್ಲೇ ಘೋಷಿಸಿದೆ. ಅಧ್ಯಕ್ಷರು ಮೆಚ್ಚಿ ತಲೆಯಾಡಿಸಿದರು.

ಎರಡನೆಯ ಸಭೆ ಪೂರ್ತಿ ಹೆಸರಿಗೆ ಹೋಯಿತು. ಕೊನೆಗೆ 'ಕತಾರ್ ಕರಾವಳಿ ದರ್ಶನ' ಎಂದಾಯಿತು. ಹೆಸರಿದ್ದ ಮೇಲೆ ಬ್ಯಾನರು ಬೇಡವೇ? ಗಲ್ಫಿನಲ್ಲಿ ನಮ್ಮವರ ಯಾವ ಕೆಲಸವೂ ಬ್ಯಾನರಿಲ್ಲದೆ ಶುರುವಾಗುವುದಿಲ್ಲ. ನಾಲ್ಕು ಜನ ಇಡ್ಲಿ ತಿನ್ನಲು ಸೇರಿದರೂ ಹಿಂದೊಂದು ಬ್ಯಾನರು ತೂಗುತ್ತದೆ. ಮೂವರು ಪದಾಧಿಕಾರಿಗಳ ಭಾವಚಿತ್ರವಿರುವ ಹತ್ತಡಿ ಉದ್ದದ ಫ್ಲೆಕ್ಸ್ ಮಾಡಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮೂರನೆಯ ಸಭೆ ಊಟದ್ದು. ಚಿಕನ್ ಸುಕ್ಕವೋ ಬಿರಿಯಾನಿಯೋ ಎಂಬ ಚರ್ಚೆ ಎರಡು ಗಂಟೆ ನಡೆಯಿತು. "ನನಗ ರೊಟ್ಟಿ, ಗಟ್ಟಿ ಮೊಸರು ಇದ್ರ ಸಾಕ್ರಿ," ಎಂದು ವಿರೋಧ ಪಕ್ಷ ಐದೇ ಸೆಕೆಂಡಿನಲ್ಲಿ ತನ್ನ ಭಾಷಣ ಮುಗಿಸಿತು.

ನಾಲ್ಕನೆಯ ಸಭೆಗೆ ನಾನು ನಕ್ಷೆ ತಂದೆ. ಆಕಾಶದಿಂದ ತೆಗೆದ ಭೂಮಿಯ ಚಿತ್ರಗಳು ಆಗತಾನೆ ಕಂಪ್ಯೂಟರಿನಲ್ಲಿ ನೋಡಲು ಸಿಗತೊಡಗಿದ್ದವು. ಆಫೀಸಿನ ಕಲರ್ ಪ್ರಿಂಟರಿನಲ್ಲಿ ಊಟದ ವಿರಾಮದ ಹೊತ್ತಿಗೆ ಒಂದೊಂದಾಗಿ ಹದಿನೆಂಟು ಹಾಳೆ ತೆಗೆದು ಗೋಂದು ಹಚ್ಚಿ ಅಂಟಿಸಿದ್ದೆ. ಆರನೆಯ ಹಾಳೆಗೆ ನೀಲಿ ಶಾಯಿ ಮುಗಿದು, ಅಲ್ಲಿಂದ ಮುಂದೆ ಸಮುದ್ರವೆಲ್ಲ ಗುಲಾಬಿ ಬಣ್ಣವಾಗಿತ್ತು. ಅದನ್ನು ಹಾಲಿನ ನೆಲಕ್ಕೆ ಹಾಸಿ ಮೂವರೂ ಮಂಡಿಯೂರಿ ಕೂತೆವು. ಚಹಾ ತಂದ ಹೆಂಡತಿ ನಕ್ಷೆಯ ಅಂಚಿನಲ್ಲಿ ನಿಂತು ಕೇಳಿದಳು: "ಇದರಲ್ಲಿ ನಾವು ಕಾಲು ಹಾಕುವ ಜಾಗ ಎಲ್ಲಿ?"

"ಅದೆಲ್ಲ ಮುಂದಿನ ರಿವಿಷನ್‌ನಲ್ಲಿ ಬರ್ತದೆ," ಎಂದೆ.

"ಯಾವ ಶುಕ್ರವಾರ ಹೋಗುವುದು?"

"ಮುಂದಿನ ಶುಕ್ರವಾರ, ಇನ್ಶಾ ಅಲ್ಲಾ," ಎಂದರು ಪೊರ್ಬುಗಳು. ಇಪ್ಪತ್ತಾರು ವರ್ಷದಲ್ಲಿ ಅವರ ಬಾಯಿಗೆ ಆ ಮಾತು ಅಷ್ಟು ಒಗ್ಗಿಹೋಗಿತ್ತು. ಮುಂದಿನ ಶುಕ್ರವಾರ ಮಂಜು ಬಿತ್ತು. ಅದರ ಮುಂದಿನ ಶುಕ್ರವಾರ ಸಾಮಾನಿನ ಪಟ್ಟಿ ಮಾಡಲು ಆರನೆಯ ಸಭೆ ಕರೆಯಬೇಕಾಯಿತು. ಏಳನೆಯ ಸಭೆಯ ದಿನ ವಿಜಾಪುರದವರ ಪ್ಲಾಂಟಿನಲ್ಲಿ ಶಟ್‌ಡೌನ್. ಅವರಿಗೆ ರಜೆಯಿಲ್ಲ. ಕೋರಂ ಇಲ್ಲವೆಂದು ನಡಾವಳಿ ಬರೆಯುವುದಕ್ಕಾಗಿ ನಾನೂ ಪೊರ್ಬುಗಳೂ ಕೂತೆವು. ಎಂಟನೆಯ ಸಭೆಯಲ್ಲಿ ಏಳನೆಯ ಸಭೆಯ ನಡಾವಳಿಯನ್ನು ಓದಿ ಅಂಗೀಕರಿಸಲಾಯಿತು.

ಸಭೆ ಹಾಲಿನಲ್ಲಿ ನಡೆಯುತ್ತಿದ್ದುದರಿಂದ ಹೆಂಡತಿಯೂ ಮಗಳೂ ಒಳಗಿನ ಕೋಣೆಯಲ್ಲಿರುತ್ತಿದ್ದರು. ಮಗಳು ರದ್ದಾದ ಹಾಳೆಗಳ ಹಿಂಬದಿಯಲ್ಲಿ ಮೀನು ಬರೆಯುತ್ತಿದ್ದಳು. ಹೆಂಡತಿ ಮೊದಮೊದಲು ಬಾಗಿಲಿಗೆ ಬಂದು "ಎಷ್ಟಕ್ಕೆ ಬಂತು?" ಎಂದು ಕೇಳುತ್ತಿದ್ದಳು. ಒಂದು ದಿನ "ಇಷ್ಟು ಹೊತ್ತಿಗೆ ನಡ್ಕೊಂಡು ಹೊರಟಿದ್ರೂ ಮುಟ್ತಿದ್ದೆ," ಎಂದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಅವಳಿಗೆ ಯೋಜನೆಯ ಮೇಲೆ ನಂಬಿಕೆ ಬಂತೆಂದು ನಾನು ತಿಳಿದುಕೊಂಡೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ?

ಒಂಬತ್ತನೆಯ ಸಭೆಗೆ ಬ್ಯಾನರು ಬಂತು. ಅದನ್ನು ಬಿಚ್ಚಿ ಸೋಫಾದ ಮೇಲೆ ಹರಡಿ ನಮ್ಮ ನಮ್ಮ ಮುಖ ನೋಡಿಕೊಳ್ಳುತ್ತಿರುವಾಗ ಹೆಂಡತಿ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, "ನಮ್ಮ ವಿಮಾನ ಬರುವ ಸೋಮವಾರದ ಮತ್ತೊಂದು ಸೋಮವಾರ. ಇನ್ನು ಇರುವುದು ಒಂದೇ ಶುಕ್ರವಾರ," ಎಂದಳು.

"ಬರೋ ಶುಕ್ರವಾರ ಹೊಂಟ್ ಬಿಡೂಣ್ರಿ. ಇನ್ನ ಸಭಾ ಬ್ಯಾಡ," ಎಂದರು ವಿಜಾಪುರದವರು. ವಿರೋಧ ಪಕ್ಷದ ಮಾತು ಒಪ್ಪಿದ್ದು ಅದೊಂದೇ ಸಲ.

ಪಟ್ಟಿ ಆಗ ರಿವಿಷನ್ ಎಫ್‌ನಲ್ಲಿತ್ತು. ನಲವತ್ತೊಂದು ಸಾಮಾನು. ಮೂರು ಬಗೆಯ ಉಪ್ಪಿನಕಾಯಿ, ಕ್ಯಾರಂ ಬೋರ್ಡು, ಪೌಡರು, ಹೊಟ್ಟೆನೋವಿನ ಮಾತ್ರೆ, ಚೊಂಬು, ಎರಡು ಚಾಪೆ, ಬಿರಿಯಾನಿಯ ದೊಡ್ಡ ಸೌಟು. ಪ್ರತಿಯೊಂದಕ್ಕೂ ಒಬ್ಬ ಜವಾಬ್ದಾರ. ಒಂದೇ ಒಂದು ಸಾಮಾನು ಬಿಟ್ಟುಹೋಗದಂತೆ ನೋಡಿಕೊಂಡಿದ್ದೇನೆ ಎಂಬ ನೆಮ್ಮದಿಯಲ್ಲಿ ನಾನು ಗುರುವಾರ ನಿದ್ದೆ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಪೊರ್ಬುಗಳು ಹಿಂದಿನ ಸಂಜೆಯೇ ಪೂಜೆ ಮುಗಿಸಿ ಬಂದಿದ್ದರು. ಮುಂದೆ ಅವರು ಮತ್ತು ನಾನು. ಹಿಂದೆ ಹೆಂಡತಿ, ಮಗಳು, ವಿಜಾಪುರದವರು, ಅವರ ತೊಡೆಯ ಮೇಲೆ ಕ್ಯಾರಂ ಬೋರ್ಡು. ರುವೈಸ್ ತಲುಪುವವರೆಗೆ ಟಾರು, ಎಲ್ಲ ಸರಿಯಾಗಿತ್ತು. ಟಾರು ಮುಗಿದ ಕಡೆ ಬ್ಯಾನರು ಹಿಡಿದು ಫೋಟೋ ತೆಗೆಸಿಕೊಂಡೆವು. ಫೋಟೋ ತೆಗೆದವಳು ನನ್ನ ಹೆಂಡತಿ, ಹಾಗಾಗಿ ಅದರಲ್ಲಿ ಅವಳಿಲ್ಲ. ಗಾಳಿಗೆ ಬ್ಯಾನರು ಹೊಟ್ಟೆ ಉಬ್ಬಿಸಿಕೊಂಡು ಅಧ್ಯಕ್ಷರ ಮುಖ ಎರಡರಷ್ಟಾಗಿ ಕಾಣುತ್ತಿತ್ತು.

ಅಲ್ಲಿಂದ ಮುಂದೆ ಕಲ್ಲುಮಣ್ಣಿನ ದಾರಿ. ಚಾವಣಿ ಕುಸಿದ ಮನೆಗಳು, ಒಂಟಿಯಾಗಿ ನಿಂತ ಮಸೀದಿಯ ಗೋಪುರ, ಯಾರೋ ಬಿಟ್ಟುಹೋದ ಬಲೆಯ ತುಂಡು. ಗಾಡಿ ಗಂಟೆಗೆ ಹದಿನೈದು ಕಿಲೋಮೀಟರಿನಂತೆ ಕುಲುಕುತ್ತ ಸಾಗಿತು. ಬಲಗಡೆ ದೂರದಲ್ಲಿ ಬೆಳ್ಳಗೆ ಒಂದು ಗೆರೆ ಕಾಣಿಸಿತು. "ಅಮ್ಮಾ, ಸಮುದ್ರ!" ಎಂದು ಮಗಳು ಸೀಟಿನ ಮೇಲೆ ಎದ್ದು ನಿಂತಳು. ಹೆಂಡತಿ ಕಿಟಕಿಯ ಗಾಜು ಪೂರ್ತಿ ಇಳಿಸಿ ಮುಖ ಹೊರಗೆ ಹಾಕಿದಳು. ಮೂರು ತಿಂಗಳಲ್ಲಿ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

ಆದರೆ ದಾರಿ ಅಲ್ಲೇ ಎಡಕ್ಕೆ, ಕಡಲಿಗೆ ಬೆನ್ನು ಹಾಕಿ ತಿರುಗುತ್ತಿತ್ತು. ದಾರಿಗೂ ನೀರಿಗೂ ನಡುವೆ ಅರ್ಧ ಮೈಲು ಚಪ್ಪಟೆ ನೆಲ. ಕಪ್ಪಗೆ, ತೇವವಾಗಿ, ಮೇಲೆ ಉಪ್ಪು ಮಿನುಗುತ್ತ ಒಳ್ಳೇ ಆಟದ ಮೈದಾನದಂತೆ ಬಿದ್ದುಕೊಂಡಿತ್ತು.

"ಇಲ್ಲಿಂದ ನೇರ ಇಳಿಸುವ," ಎಂದೆ.

"ಬ್ಯಾಡ್ರಿ," ಎಂದರು ಹಿಂದಿನಿಂದ ವಿಜಾಪುರದವರು. ಕ್ಯಾರಂ ಬೋರ್ಡು ಬದಿಗಿಟ್ಟು ಇಳಿದು ಹೋಗಿ, ಬೂಟಿನ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿ ಬಂದರು. "ಇದು ನಮ್ಮ ಕಡೆ ಮಳಿ ಆದಮ್ಯಾಲಿನ ಎರಿ ಹೊಲ ಇದ್ದಂಗ ಐತ್ರಿ. ಮ್ಯಾಗ ಹಪ್ಪಳ, ಒಳಗ ಅಂಬಲಿ. ಬಂಡಿ ಹುಗಿತೈತಿ."

ನಾನೂ ಪೊರ್ಬುಗಳೂ ಮುಖ ನೋಡಿಕೊಂಡು ನಕ್ಕೆವು. ಕಡಲ ಬದಿಯಲ್ಲಿ ಹುಟ್ಟಿದವರಿಗೆ ವಿಜಾಪುರದ ಎರೆಮಣ್ಣಿನ ಪಾಠವೇ?

"ಹಾಗಲ್ಲ ಮಾರಾಯ್ರೆ, ನಿಮಗೆ ಗೊತ್ತಾಗ್ಲಿಕ್ಕಿಲ್ಲ," ಎಂದು ನಾನು ಮರಳಿನ ಗುಣ ತಿಳಿಹೇಳಿದೆ. "ಕಡಲ ಬದಿಯಲ್ಲಿ ಒಣ ಹೊಯ್ಗೆ ಅಂದ್ರೆ ಚಕ್ರ ಹೂತು ಹೋಗ್ತದೆ. ಒದ್ದೆ ಹೊಯ್ಗೆ ಅಂದ್ರೆ ಕಾಂಕ್ರೀಟು. ನಮ್ಮ ಊರಲ್ಲಿ ನೀರಿನ ಅಂಚಿನಲ್ಲಿ ಜೀಪು ಓಡಿಸ್ತಾರೆ. ಸಣ್ಣದರಿಂದ ನೋಡಿದ್ದೇನೆ."

"ಇದು ಹೊಯ್ಗಿ ಅಲ್ರಿ, ಮಣ್ಣು."

"ಮತಕ್ಕೆ ಹಾಕುವ," ಎಂದರು ಅಧ್ಯಕ್ಷರು.

"ನಡ್ಕೊಂಡು ಹೋಗುವ, ಇಷ್ಟೇ ದೂರ ಅಲ್ವಾ?" ಎಂದಳು ಹೆಂಡತಿ. ಅವಳು ಸಮಿತಿಯಲ್ಲಿರಲಿಲ್ಲ, ಹಾಗಾಗಿ ಅದನ್ನು ಯಾರೂ ದಾಖಲಿಸಲಿಲ್ಲ. ಎರಡು ಮತ ಪರ, ಒಂದು ವಿರುದ್ಧ. ನಿರ್ಣಯ ಅಂಗೀಕಾರವಾಯಿತು. ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡು, "ಯಲ್ಲಾ!" ಎಂದು ಗಾಡಿಯನ್ನು ದಾರಿಯಿಂದ ಇಳಿಸಿದರು.

ಐವತ್ತು ಅಡಿ ನಿಜವಾಗಿಯೂ ಕಾಂಕ್ರೀಟಿನಂತಿತ್ತು. ನಾನು ಹಿಂದಕ್ಕೆ ತಿರುಗಿ "ನೋಡಿದ್ರಾ?" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಪ್ಪಳ ಮುರಿದಂತೆಯೇ ಸದ್ದಾಗಿ ಮುಂದಿನ ಎರಡೂ ಚಕ್ರ ಕುಸಿದವು. ಪೊರ್ಬುಗಳು ಆಕ್ಸಿಲರೇಟರ್ ಒತ್ತಿದರು. ಹಿಂದಿನವೂ ಕುಸಿದವು. ಬೂದುಬಣ್ಣದ ಕೆಸರು ಕಾರಂಜಿಯಂತೆ ಹಾರಿ, ಹೆಂಡತಿ ಇಳಿಸಿಟ್ಟಿದ್ದ ಕಿಟಕಿಯಿಂದ ಒಳಗೆ ಬಂದು, ಮೊಸರಿನ ಡಬ್ಬಿಯ ಮೇಲೆ ಕೂತಿತು. ಗಾಡಿ ಹೊಟ್ಟೆಯ ಮೇಲೆ ಮಲಗಿತು.

ಎಲ್ಲರೂ ಇಳಿದೆವು. ಪೊರ್ಬುಗಳ ಒಂದು ಬೂಟು ಕೆಸರಿನಲ್ಲೇ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಧ್ಯಕ್ಷರು ಕೂಡ ನೆಲಕ್ಕೇ ಬಯ್ಯತೊಡಗಿದರು.

"ಇರ್ಲಿ, ಅಗೆದು ತೆಗೆಯುವ," ಎಂದೆ ನಾನು ಶಾಂತವಾಗಿ. "ಸಲಿಕೆ ಕೊಡಿ."

"ಕೊಡಿ," ಎಂದು ಪೊರ್ಬುಗಳು ವಿಜಾಪುರದವರತ್ತ ಕೈ ಚಾಚಿದರು.

"ಸಲಿಕಿ ನೀವು ತರಾವ್ರಿದ್ರಲ್ರೀ," ಎಂದು ವಿಜಾಪುರದವರು ಪೊರ್ಬುಗಳತ್ತ ನೋಡಿದರು.

ಇಬ್ಬರೂ ಜೇಬಿನಿಂದ ಪಟ್ಟಿ ತೆಗೆದರು. ವಿಜಾಪುರದವರ ಕೈಯಲ್ಲಿದ್ದದ್ದು ರಿವಿಷನ್ ಸಿ. ಅದರಲ್ಲಿ ಸಲಿಕೆ ಅಧ್ಯಕ್ಷರ ಹೆಸರಿಗಿತ್ತು. ಪೊರ್ಬುಗಳ ಕೈಯಲ್ಲಿದ್ದದ್ದು ರಿವಿಷನ್ ಡಿ. ಅದರಲ್ಲಿ ಸಲಿಕೆಯನ್ನು ಸದಸ್ಯರಿಗೆ ವರ್ಗಾಯಿಸಲಾಗಿತ್ತು. ಎಫ್ ಇದ್ದದ್ದು ನನ್ನ ಬಳಿ ಮಾತ್ರ, ಬಹಳ ಚೆಂದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಇಟ್ಟುಕೊಂಡಿದ್ದೆ. ಇಬ್ಬರಿಂದಲೂ ಹಳೆಯದನ್ನು ಹಿಂದಕ್ಕೆ ಪಡೆಯುವುದನ್ನು, ಹೊಸದನ್ನು ಕೊಟ್ಟು ಸಹಿ ಹಾಕಿಸುವುದನ್ನು ನಾನು ಮರೆತಿದ್ದೆ. ಹನ್ನೊಂದು ವರ್ಷದ ನನ್ನ ಚಾಕರಿಯಲ್ಲಿ ಆಫೀಸಿನಲ್ಲಿ ಒಮ್ಮೆಯೂ ಆಗದ ತಪ್ಪು. ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಕೆಸರು ಇನ್ನೂ ಸ್ವಲ್ಪ ಆಳವಿದ್ದರೆ ಚೆನ್ನಾಗಿತ್ತು ಎನ್ನಿಸಿತು.

"ಕೈ ಕೆಸರಾದ್ರ ಬಾಯಿ ಮೊಸರು ಅಂತಾರ್ರಿ," ಎಂದರು ವಿಜಾಪುರದವರು ತೋಳು ಮಡಚುತ್ತ. "ನಮ್ಮದು ನೋಡಿದ್ರ ಮೊಸರೂ ಕೆಸರಾಗೈತಿ." ಅವರು ಬಿರಿಯಾನಿಯ ಸೌಟು ಎತ್ತಿಕೊಂಡು ಅಗೆಯಲು ಕೂತರು. 'ನಾನು ಮೊದಲೇ ಹೇಳಿದ್ದೆ' ಎಂಬ ಮಾತನ್ನು ಅವರು ಆ ದಿನವೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಅದು ನನ್ನನ್ನು ಇನ್ನಷ್ಟು ಸುಟ್ಟಿತು.

ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. "ನಾವು ಹೋಗ್ತೇವೆ. ನೀವು ಬರ್ತೀರಾ?"

ನಾನು ಗಾಡಿಯತ್ತ ನೋಡಿದೆ, ಅಧ್ಯಕ್ಷರ ಬೂಟಿಲ್ಲದ ಕಾಲಿನತ್ತ ನೋಡಿದೆ. "ನೀವು ಮುಂದೆ ಹೋಗಿ. ಹತ್ತೇ ನಿಮಿಷ, ಬಂದೆ," ಎಂದೆ.

"ವೈನಿ, ಆ ಕಲ್ಲಿನ ಸಾಲು ಹಿಡಕೊಂಡು ಹೋಗ್ರಿ," ಎಂದು ವಿಜಾಪುರದವರು ಸೌಟಿನಿಂದ ದಾರಿ ತೋರಿಸಿದರು. "ಕರೇ ನೆಲ ತುಳಿಬ್ಯಾಡ್ರಿ." ಅವಳು ಕೋಸಂಬರಿಯ ಸ್ಟೀಲು ಡಬ್ಬಿಯನ್ನು ಬೇರೊಂದು ಪಾತ್ರೆಗೆ ಖಾಲಿ ಮಾಡಿ, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಮಗಳನ್ನೂ ಹಿಡಿದು ಹೊರಟಳು. ಡಬ್ಬಿ ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಆ ಹತ್ತು ನಿಮಿಷ ಮೂರು ಗಂಟೆಯಾಯಿತು. ಚಕ್ರದಡಿ ಮೊದಲು ಚಾಪೆ ಹಾಕಿದೆವು. ಚಾಪೆಗಳು ಕೆಸರಿನೊಳಗೆ ಹೊರಟುಹೋದವು. ಕ್ಯಾರಂ ಬೋರ್ಡು ಹಾಕಿದೆವು. ಅದು ಲಟಕ್ಕೆಂದು ಎರಡಾಗಿ, ಒಂದು ತುಂಡು ಹಿಂದಕ್ಕೆ ಹಾರಿ ನನ್ನ ಮೊಣಕಾಲಿಗೆ ಬಡಿಯಿತು. ಹದಿನೆಂಟು ಹಾಳೆಯ ನಕ್ಷೆಯನ್ನೂ ಹಾಸಿದೆವು. ಅದು ಆ ನೆಲಕ್ಕೆ ಸರಿಯಾಗಿ ಹೊಂದಿಕೊಂಡದ್ದು ಅದೇ ಮೊದಲ ಸಲ. ಕೊನೆಗೆ ಬ್ಯಾನರಿನ ಸರದಿ ಬಂತು. "ಅಡ್ಡ ಹಾಕಿ, ಉದ್ದ ಹಾಕಿ," ಎಂದು ಚರ್ಚೆಯಾಗಿ, ಅಡ್ಡಕ್ಕೇ ಹಾಸಿ, ಅಧ್ಯಕ್ಷರ ಮುಖದ ಮೇಲೆ ಬಲ ಚಕ್ರ, ನನ್ನ ಮುಖದ ಮೇಲೆ ಎಡ ಚಕ್ರ ಬರುವಂತೆ ಮಾಡಿ ದೂಡಿದೆವು. ಗಾಡಿ ಒಂದು ಮೊಳ ಮುಂದೆ ಬಂದು, ನಮ್ಮಿಬ್ಬರ ಮುಖವನ್ನೂ ತುಳಿದು, ಮತ್ತೆ ಕೂತಿತು. ನಡುವೆ ಇದ್ದ ವಿಜಾಪುರದವರ ಮುಖಕ್ಕೆ ಮಾತ್ರ ಒಂದು ಹನಿ ಕೆಸರೂ ತಾಗಲಿಲ್ಲ.

ನಡುನಡುವೆ ನಾನು ತಲೆಯೆತ್ತಿ ನೋಡುತ್ತಿದ್ದೆ. ದೂರದ ಬಿಳಿ ಗೆರೆಯ ಹತ್ತಿರ ಎರಡು ಚುಕ್ಕಿ. ದೊಡ್ಡದು ಕೆಂಪು ಚೂಡಿದಾರ, ಚಿಕ್ಕದು ಹಳದಿ ಟೋಪಿ. ಚಿಕ್ಕದು ಆಗಾಗ ಮಾಯವಾಗಿ ಮತ್ತೆ ಏಳುತ್ತಿತ್ತು. ಒಮ್ಮೆ ದೊಡ್ಡದು ಕೈ ಬೀಸಿತು. ನಾನು ಸೌಟು ಬೀಸಿದೆ. ಹೋಗಿಬಿಡಬಹುದಿತ್ತು. ಕಲ್ಲಿನ ಸಾಲು ಅಲ್ಲೇ ಇತ್ತು, ನನ್ನ ಕಾಲೂ ನನ್ನದೇ ಆಗಿತ್ತು. ಆದರೆ ಕಾರ್ಯದರ್ಶಿಯಾದವನು ಅಧ್ಯಕ್ಷರನ್ನು ಕೆಸರಿನಲ್ಲಿ ಬಿಟ್ಟು ಹೇಗೆ ಹೋಗುವುದು ಎಂದು ಯೋಚಿಸುತ್ತ ಮತ್ತೆ ಅಗೆಯಲು ಬಗ್ಗುತ್ತಿದ್ದೆ.

ಎರಡೂವರೆಯ ಹೊತ್ತಿಗೆ ಪಿಕಪ್ಪಿನಲ್ಲಿ ಬಲೆ ಹೇರಿಕೊಂಡು ಒಬ್ಬ ಕತಾರಿ ಅಜ್ಜ ಬಂದರು. ದಾರಿಯ ಮೇಲೇ ನಿಲ್ಲಿಸಿ, ಇಳಿದು, ನಮ್ಮನ್ನೂ ಗಾಡಿಯನ್ನೂ ಚಕ್ರದಡಿಯ ನಮ್ಮ ಮುಖಗಳನ್ನೂ ಬಹಳ ಹೊತ್ತು ನೋಡಿದರು. "ಹಾದಾ ಸಬ್ಖಾ! ಸಯ್ಯಾರಾ ಮಾಫಿ ರೂಹ್!" ಎಂದರು. ಇದು ಉಪ್ಪಿನ ಜೌಗು, ಇಲ್ಲಿ ಗಾಡಿ ಹೋಗುವುದಿಲ್ಲ ಎಂದು. ವಿಜಾಪುರದವರು ಹೇಳಿದ್ದನ್ನೇ ಅರಬಿಯಲ್ಲಿ ಕೇಳಿದ ಮೇಲೆ ಪೊರ್ಬುಗಳಿಗೆ ತಕ್ಷಣ ಅರ್ಥವಾಯಿತು. ಅಜ್ಜನ ಬಳಿ ಉದ್ದನೆಯ ಹಗ್ಗವಿತ್ತು, ಸಲಿಕೆಯೂ ಇತ್ತು. ಅರ್ಧ ಗಂಟೆಯಲ್ಲಿ ಗಾಡಿ ದಾರಿಯ ಮೇಲಿತ್ತು. "ಖಲಾಸ್," ಎಂದು ಕೈ ಕೊಡವಿಕೊಂಡು ಅವರು ಹೊರಟುಹೋದರು. ಅವರಿಗೆ ಸಮಿತಿ ಇರಲಿಲ್ಲ.

ಅಷ್ಟರಲ್ಲಿ ಹೆಂಡತಿಯೂ ಮಗಳೂ ಕಲ್ಲಿನ ಸಾಲು ಹಿಡಿದು ವಾಪಸು ಬಂದರು. ಇಬ್ಬರೂ ಸೊಂಟದವರೆಗೆ ಒದ್ದೆ. ಮಗಳ ಕಿವಿಯಲ್ಲೂ ಮರಳು. ಸ್ಟೀಲು ಡಬ್ಬಿಯ ತುಂಬ ಮರುವಾಯಿ, ಊರಿನಲ್ಲಿ ಇಳಿತದ ಹೊತ್ತಿಗೆ ಕೆದಕಿ ಹೆಕ್ಕುತ್ತಾರಲ್ಲ, ಅದೇ ಚಿಪ್ಪುಮೀನು. "ಬನ್ನಿ, ಒಮ್ಮೆ ಹೋಗಿ ಬರುವ," ಎಂದೆ. ಪೊರ್ಬುಗಳು ವಾಚು ನೋಡಿದರು. ಕತ್ತಲಾಗುವ ಮೊದಲು ಟಾರು ಮುಟ್ಟಬೇಕು, ಈ ದಾರಿಯನ್ನು ಇನ್ನು ನಂಬಲಾರೆ ಎಂದರು. ಅವರನ್ನು ದೂರುವಂತಿರಲಿಲ್ಲ. ಹಾಗೆ, ಒಂಬತ್ತು ಸಭೆ ನಡೆಸಿ, ಆರು ರಿವಿಷನ್ ಮಾಡಿ, ನಾನು ಆ ಸಮುದ್ರವನ್ನು ಅರ್ಧ ಮೈಲು ದೂರದಿಂದ ನೋಡಿ ಹಿಂದಿರುಗಿದೆ.

ಮರುದಿನ ಅವಳು ಮರುವಾಯಿ ಸುಕ್ಕ ಮಾಡಿದಳು. ಸಮಿತಿಯನ್ನೇ ಊಟಕ್ಕೆ ಕರೆದಳು. ಪೊರ್ಬುಗಳು ಮೂರು ಸಲ ಬಡಿಸಿಕೊಂಡರು. ವಿಜಾಪುರದವರಿಗೆಂದು ಬೇರೆ ಪಾತ್ರೆಯಲ್ಲಿ ಬದನೆಕಾಯಿ ಪಲ್ಯ ಮಾಡಿಟ್ಟಿದ್ದಳು. ನೀರು ಹೇಗಿತ್ತು ಎಂದು ಕೇಳಿದ್ದಕ್ಕೆ "ನೀರಿನ ಹಾಗೇ ಇತ್ತು," ಎಂದಳಷ್ಟೇ. ಸಿಟ್ಟಿದ್ದಂತೆಯೂ ಕಾಣಲಿಲ್ಲ. ಸೋಮವಾರ ಮಧ್ಯಾಹ್ನ ವಿಮಾನ ನಿಲ್ದಾಣದಲ್ಲಿ ಮಗಳು ನನ್ನ ಅಂಗಿಯ ಜೇಬಿಗೆ ಎರಡು ಚಿಪ್ಪು ಹಾಕಿ, ಒಳಗೆ ಓಡಿದಳು.

ಸಹೋದ್ಯೋಗಿ ಮರಳುವ ಮೊದಲು ಫ್ಲ್ಯಾಟು ಗುಡಿಸಿ ಕೊಡಬೇಕಿತ್ತು. ಕಂಪನಿಯ ರೂಮಿಗೆ ಮರಳಿದ್ದ ನಾನು ಶುಕ್ರವಾರ ಒಬ್ಬನೇ ಅಲ್ಲಿಗೆ ಹೋದೆ. ಹಾಲ್‌ನ ಕಪಾಟಿನಲ್ಲಿ ನಡಾವಳಿಯ ನೋಟ್‌ಬುಕ್ ಇತ್ತು. ಒಂಬತ್ತನೆಯ ಸಭೆಯ ಕೆಳಗೆ 'ಸಮಿತಿಯನ್ನು ವಿಸರ್ಜಿಸಲಾಗಿದೆ' ಎಂದು ಬರೆಯೋಣವೆಂದು ತೆರೆದರೆ, ಮುಂದಿನ ಪುಟ ಆಗಲೇ ತುಂಬಿತ್ತು. ಅವಳ ದುಂಡು ಅಕ್ಷರ. ನನ್ನ ಕ್ರಮವನ್ನು ಚಾಚೂ ತಪ್ಪದೆ ಅನುಸರಿಸಿದ್ದಳು.

'ಹತ್ತನೆಯ ಸಭೆ. ಸ್ಥಳ: ಸಮುದ್ರ. ಹಾಜರಿದ್ದವರು: ನಾನು, ಮಗು. ಗೈರು: ಅಧ್ಯಕ್ಷರು, ಕಾರ್ಯದರ್ಶಿ, ಸದಸ್ಯರು (ಕೆಸರಿನಲ್ಲಿ ಬೇರೆ ಸಭೆ ಇತ್ತು). ನೀರು ಮೊಣಕಾಲಿನವರೆಗೆ. ಸಣ್ಣ ಅಲೆ ಉಂಟು. ಮಗು ಐದು ಸಲ ಬಿದ್ದಿತು, ಅಳಲಿಲ್ಲ. ಮರುವಾಯಿ ಧಾರಾಳ. ಕಾರ್ಯದರ್ಶಿಗಳು ಹತ್ತು ನಿಮಿಷದಲ್ಲಿ ಬರುತ್ತೇನೆಂದು ಹೇಳಿದ್ದರಿಂದ ನೀರಿಗೆ ಇಳಿಯದೆ ಒಂದು ಗಂಟೆ ಕಾದೆವು. ಬರಲಿಲ್ಲ. ಆಮೇಲೆ ನಾವೇ ಇಳಿದೆವು.'

ಮೊದಲು ನಕ್ಕೆ, ಗಟ್ಟಿಯಾಗಿಯೇ ನಕ್ಕೆ. ಆಮೇಲೆ ಕೊನೆಯ ಮೂರು ಸಾಲನ್ನು ಮತ್ತೊಮ್ಮೆ ಓದಿ ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಅವಳು ಇಲ್ಲಿದ್ದದ್ದು ಹನ್ನೆರಡೇ ಶುಕ್ರವಾರ. ಅದರಲ್ಲಿ ಒಂಬತ್ತನ್ನು ನಾನು ಅವಳ ಪಕ್ಕದ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು, ಅವಳಿಗೆ ಸಮುದ್ರ ತೋರಿಸುವ ಯೋಜನೆ ಮಾಡುತ್ತ ಕಳೆದಿದ್ದೆ. ಒಂಬತ್ತು ಸಭೆಗಳ ನಡಾವಳಿಯನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಿ ನೋಡಿದೆ. ಅವಳ ಪ್ರಸ್ತಾಪ ಎಲ್ಲೂ ಇರಲಿಲ್ಲ, ಮೂರನೆಯ ಸಭೆಯಲ್ಲಿ 'ಚಹಾ ಚೆನ್ನಾಗಿತ್ತು' ಎಂಬುದನ್ನು ಬಿಟ್ಟರೆ.

ಹತ್ತನೆಯ ಸಭೆಯ ಕೆಳಗೆ, ಬಲಗಡೆ, ಕಾರ್ಯದರ್ಶಿಯ ಸಹಿಗೆಂದು ಅವಳು ಒಂದು ಗೆರೆ ಎಳೆದು ಜಾಗ ಬಿಟ್ಟಿದ್ದಳು. ಪೆನ್ನು ಹುಡುಕಿ ತಂದು ಸಹಿ ಹಾಕಿದೆ.